ಒಂದು ರೋಗ, ಹಲವು ಹೆಸರುಗಳು

ಒಂದು ವಸ್ತುವಿಗೆ ಹೆಸರಿಟ್ಟ ಕೂಡಲೇ ಅದು ನಮಗೆ ಅರ್ಥವಾಯಿತೆಂದು ಭಾವಿಸುವುದು ಮನುಷ್ಯಸಹಜವಾದ ದೌರ್ಬಲ್ಯ. ಭಾಷೆಯನ್ನು ಕಲಿಸುವ ವೃತ್ತಿಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕಾಲ ಕಳೆದ ನನಗೆ ಈ ದೌರ್ಬಲ್ಯದ ಪರಿಚಯ ಸಾಕಷ್ಟಿದೆ. ಆದರೆ ಹೆಸರೊಂದು ಜನರ ಪ್ರಾಣಕ್ಕೇ ಎರವಾಗಬಲ್ಲುದು, ಒಂದೇ ರೋಗವು ಎರಡು ಹೆಸರುಗಳನ್ನು ಹೊತ್ತು ಎರಡು ನಾಡುಗಳಲ್ಲಿ ಓಡಾಡುತ್ತಿದ್ದರೆ ಅದರ ಗುರುತು ಹಿಡಿಯಲು ಅರ್ಧ ಶತಮಾನವೇ ಬೇಕಾದೀತು ಎಂಬುದು ನನ್ನ ಮನಸ್ಸಿಗೆ ನಾಟಿದ್ದು ವೈದ್ಯಚರಿತ್ರೆಯ ಒಂದು ಅಧ್ಯಾಯವನ್ನು ಓದಿದ ಮೇಲೆ. ಆ ಅಧ್ಯಾಯವನ್ನು ಇಂದು ತಮ್ಮ ಮುಂದಿಡುವುದು ನನ್ನ ಉದ್ದೇಶ.

ನಾನು ವೈದ್ಯನಲ್ಲ. ಈ ವಿಷಯದ ಕಡೆಗೆ ನನ್ನನ್ನು ಎಳೆದದ್ದು ನನ್ನ ಹಿರಿಯ ಮಿತ್ರರೊಬ್ಬರ ಕಾಯಿಲೆ. ಅವರಿಗೆ ಮೂತ್ರನಾಳದ ಕ್ಯಾನ್ಸರ್ ಎಂದು ವೈದ್ಯರು ಹೇಳಿದಾಗ ಮನೆಯವರೆಲ್ಲರೂ ಕೇಳಿದ ಮೊದಲ ಪ್ರಶ್ನೆ, ‘ಇದು ಏತರಿಂದ ಬಂತು?’ ಎಂಬುದು. ರೋಗಿಯ ಮಟ್ಟಿಗೆ ಆ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಗುವುದಿಲ್ಲ. ಆದರೆ ಮನುಷ್ಯಕುಲದ ಮಟ್ಟಿಗೆ, ಈ ಅಪರೂಪದ ಕ್ಯಾನ್ಸರಿನ ಒಂದು ಬಗೆಗೆ ಖಚಿತವಾದ ಉತ್ತರ ದೊರೆತಿದೆ. ಅದು ದೊರೆತ ಬಗೆಯೇ ಒಂದು ಸ್ವಾರಸ್ಯವಾದ ಚರಿತ್ರೆ.

ಮೊದಲು ಶರೀರದ ಆ ಭಾಗದ ಪರಿಚಯ ಸ್ವಲ್ಪ ಆಗಬೇಕು. ನಮ್ಮ ಎರಡು ಮೂತ್ರಪಿಂಡಗಳಲ್ಲಿ ಸೋಸಿ ಬಂದ ಮೂತ್ರವು ಮೊದಲು ಪಿಂಡದ ಒಳಗಿನ ಒಂದು ಬಟ್ಟಲಿನಂಥ ಭಾಗದಲ್ಲಿ ಸೇರುತ್ತದೆ. ಅಲ್ಲಿಂದ ಸುಮಾರು 25 ಸೆಂಟಿಮೀಟರ್ ಉದ್ದದ ಮೂತ್ರನಾಳದ ಮೂಲಕ ಇಳಿದು ಮೂತ್ರಕೋಶವನ್ನು ತಲಪುತ್ತದೆ. ಬಟ್ಟಲು, ನಾಳ, ಕೋಶ ಈ ಮೂರರ ಒಳಮೈಗೂ ಒಂದೇ ಬಗೆಯ ಜೀವಕೋಶಗಳ ಪದರವು ಅಸ್ತರಿಯಂತೆ ಹೊದಿಸಿದೆ. ಈ ಅಸ್ತರಿಯಲ್ಲಿ ಹುಟ್ಟುವ ಕ್ಯಾನ್ಸರು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂತ್ರಕೋಶದಲ್ಲಿ. ಮೇಲಿನ ಭಾಗವಾದ ಬಟ್ಟಲಿನಲ್ಲಿ ಅಥವಾ ನಾಳದಲ್ಲಿ ಹುಟ್ಟುವುದು ವಿರಳ. ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು ಅದರ ಮುಖ್ಯ ಲಕ್ಷಣ. ನೋವಿಲ್ಲವೆಂಬ ಕಾರಣದಿಂದಲೇ ಜನ ಅದನ್ನು ಅಲಕ್ಷಿಸುತ್ತಾರೆ. ರೋಗ ಬಲಿತಿದ್ದರೆ ಆ ಕಡೆಯ ಮೂತ್ರಪಿಂಡವನ್ನೂ ನಾಳವನ್ನೂ ಒಟ್ಟಿಗೆ ತೆಗೆದುಹಾಕುವುದು ರೂಢಿಯಲ್ಲಿರುವ ಚಿಕಿತ್ಸೆ.

ಹೊರಗಿನ ವಿಷವು ಮೂತ್ರದ ಮಾರ್ಗದಲ್ಲಿ ಕ್ಯಾನ್ಸರನ್ನು ಹುಟ್ಟಿಸಬಲ್ಲುದು ಎಂಬ ಅರಿವು ಹೊಸದೇನೂ ಅಲ್ಲ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬಾತ, ಬಣ್ಣದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಮೂವರಿಗೆ ಮೂತ್ರಕೋಶದ ಗಂತಿ ಬಂದುದನ್ನು ಕಂಡು, ಅವರ ಉದ್ಯೋಗಕ್ಕೂ ರೋಗಕ್ಕೂ ಸಂಬಂಧವಿದೆಯೆಂದು ಸಾರಿದ. ದೇಹದೊಳಗೆ ಹೊಕ್ಕ ರಾಸಾಯನಿಕವನ್ನು ಮೂತ್ರಪಿಂಡವು ಸೋಸಿ ಹೊರಗೆ ಕಳುಹಿಸುವಾಗ, ಆ ಹೊರದಾರಿಯೇ ಅದರ ಪೆಟ್ಟನ್ನು ತಿನ್ನುತ್ತದೆ ಎಂಬ ಭಾವನೆಗೆ ಬುನಾದಿ ಬಿದ್ದದ್ದು ಹೀಗೆ. ಧೂಮಪಾನವು ಈ ಕ್ಯಾನ್ಸರಿಗೆ ಒಂದು ದೊಡ್ಡ ಕಾರಣವೆಂಬುದು ಆಮೇಲೆ ತಿಳಿಯಿತು. ಆದರೆ ಕಾರ್ಖಾನೆಯ ಹೊಗೆಯನ್ನೇ ಕಾಣದ, ಹೊಲ ಉತ್ತು ಬದುಕುವ ಹಳ್ಳಿಗರಲ್ಲಿ, ಅದೂ ಹೆಂಗಸರು ಗಂಡಸರೆನ್ನದೆ, ಈ ಅಪರೂಪದ ರೋಗ ಗುಂಪುಗುಂಪಾಗಿ ಕಾಣಿಸಿಕೊಂಡಾಗ ವೈದ್ಯಲೋಕಕ್ಕೆ ದಿಕ್ಕು ತೋಚಲಿಲ್ಲ.

ಆ ಹಳ್ಳಿಗಳು ಇರುವುದು ಯೂರೋಪಿನ ಆಗ್ನೇಯ ಭಾಗದಲ್ಲಿ, ಡ್ಯಾನ್ಯೂಬ್ ಮಹಾನದಿಗೆ ಸೇರುವ ಉಪನದಿಗಳ ತಗ್ಗು ಬಯಲುಗಳಲ್ಲಿ. ಇಂದಿನ ಸರ್ಬಿಯ, ಕ್ರೊಯೇಷಿಯ, ಬಾಸ್ನಿಯ, ಬಲ್ಗೇರಿಯ, ರುಮೇನಿಯ ದೇಶಗಳಲ್ಲಿ ಅವು ಚದುರಿವೆ. 1956ರಲ್ಲಿ ಬಲ್ಗೇರಿಯದ ವ್ರಾತ್ಸಾ ಸೀಮೆಯಿಂದ ತಾಂಚೆವ್ ಮತ್ತು ಅವರ ಸಂಗಡಿಗರು, ಮರುವರ್ಷ ಸರ್ಬಿಯದ ಶೋಪಿಚ್ ಎಂಬ ಹಳ್ಳಿಯಿಂದ ದಾನಿಲೊವಿಚ್ ಮತ್ತು ಅವರ ಸಂಗಡಿಗರು ಈ ವಿಲಕ್ಷಣವಾದ ಮೂತ್ರಪಿಂಡದ ರೋಗವನ್ನು ವರ್ಣಿಸಿದರು. ನಡುವಯಸ್ಸು ದಾಟಿದ ರೈತನ ಮುಖ ಬಿಳಿಚುತ್ತದೆ. ಚರ್ಮ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಮೂತ್ರಪಿಂಡಗಳು ಸದ್ದಿಲ್ಲದೆ ಸೊರಗಿ ಕುಗ್ಗುತ್ತವೆ. ರೋಗಿಗಳಲ್ಲಿ ಅನೇಕರಿಗೆ ಬಟ್ಟಲಿನಲ್ಲೋ ನಾಳದಲ್ಲೋ ಕ್ಯಾನ್ಸರ್ ಕೂಡ ಹುಟ್ಟುತ್ತದೆ ಎಂಬುದು ಮುಂದಿನ ದಶಕದಲ್ಲಿ ಸ್ಪಷ್ಟವಾಯಿತು. ಬೇರೆ ಕಡೆ ವಿರಳವಾದ ಗಂತಿ ಈ ಹಳ್ಳಿಗಳಲ್ಲಿ ಮನೆಮಾತಾಗಿತ್ತು.

ರೋಗದ ನಡೆ ಅತ್ಯಂತ ಸೋಜಿಗದ್ದಾಗಿತ್ತು. ಒಂದು ಹಳ್ಳಿಯಲ್ಲಿ ಅದು ಮನೆಮನೆಗೂ ಉಂಟು. ನಡೆದು ಹೋಗುವಷ್ಟು ದೂರದ ಪಕ್ಕದ ಹಳ್ಳಿಯಲ್ಲಿ ಅದರ ಸುಳಿವೇ ಇಲ್ಲ. ಒಂದು ಮನೆಯಲ್ಲಿ ಗಂಡನಿಗೂ ಹೆಂಡತಿಗೂ ಉಂಟು. ಎದುರು ಮನೆಯಲ್ಲಿ ಯಾರಿಗೂ ಇಲ್ಲ. ಒಂದೇ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಳ್ಳುವುದರಿಂದ ಇದು ವಂಶದ ರೋಗವೆನ್ನೋಣವೆಂದರೆ, ಹೊರಗಿನಿಂದ ಬಂದು ನೆಲಸಿ ಹದಿನೈದಿಪ್ಪತ್ತು ವರ್ಷ ಅಲ್ಲಿಯ ಅನ್ನ ತಿಂದವರಿಗೂ ಬರುತ್ತಿತ್ತು. ಎಳೆವಯಸ್ಸಿನಲ್ಲೇ ಊರು ಬಿಟ್ಟವರು ತಪ್ಪಿಸಿಕೊಳ್ಳುತ್ತಿದ್ದರು. ನೆಲದಲ್ಲಿ ಏನೋ ಇದೆ, ಆ ನೆಲದ ಬದುಕಿನಲ್ಲಿ ಏನೋ ಇದೆ. ಆದರೆ ಅದು ಏನು?

ವೈದ್ಯರು ಅದಕ್ಕೆ ‘ಬಾಲ್ಕನ್ ಪ್ರದೇಶದ ಸ್ಥಳೀಯ ಮೂತ್ರಪಿಂಡ ರೋಗ’ ಎಂದು ಹೆಸರಿಟ್ಟರು. ಈ ಹೆಸರು ರೋಗವಿರುವ ಊರನ್ನು ಹೇಳಿತೇ ಹೊರತು ರೋಗವನ್ನು ಹೇಳಲಿಲ್ಲ. ಅಷ್ಟೇ ಅಲ್ಲ, ಇದು ಆ ಸೀಮೆಯ ಸ್ವಂತ ಸೊತ್ತು, ಬೇರೆಲ್ಲಿಯೂ ಇರಲಾರದು ಎಂಬ ಭಾವನೆಯನ್ನು ಅದು ಎಲ್ಲರ ಮನಸ್ಸಿನಲ್ಲೂ ಬಿತ್ತಿತು. ಹೀಗಾಗಿ ಕಾರಣವನ್ನು ಅರಸುವವರು ಆ ಸೀಮೆಗೇ ವಿಶಿಷ್ಟವಾದುದನ್ನು ಅರಸುತ್ತ ಹೋದರು. ದಾನಿಲೊವಿಚ್ ಅವರು 1958ರಲ್ಲಿ, ಹಿಟ್ಟಿನಲ್ಲಿ ಬೆರೆತ ಸೀಸವೇ ಕಾರಣವೆಂದು ಬರೆದರು. ಹಿಟ್ಟಿನ ಮೇಲೆ ಅವರ ಕಣ್ಣು ಬಿದ್ದದ್ದು ಎಷ್ಟು ಸರಿಯಾಗಿತ್ತು, ಸೀಸದ ಮೇಲೆ ಬಿದ್ದದ್ದು ಎಷ್ಟು ತಪ್ಪಾಗಿತ್ತು ಎಂಬುದು ಮುಂದೆ ತಿಳಿಯಲಿದೆ. ಅನಂತರ ವೈರಸ್ಸು ಕಾರಣವೆಂದರು. ಧಾನ್ಯಕ್ಕೆ ಹಿಡಿಯುವ ಬೂಷ್ಟಿನ ವಿಷ ಕಾರಣವೆಂದರು. ಡೆನ್ಮಾರ್ಕಿನ ಹಂದಿಗಳಲ್ಲಿ ಅಂಥ ಬೂಷ್ಟಿನಿಂದ ಮೂತ್ರಪಿಂಡ ಕೆಡುತ್ತಿದ್ದುದು ಇದಕ್ಕೆ ಬೆಂಬಲವಾಗಿತ್ತು. ಈ ವಾದ ಬಹುಕಾಲ ಮೇಲುಗೈ ಪಡೆದಿತ್ತು. 1990ರ ದಶಕದಲ್ಲಿ ಭೂವಿಜ್ಞಾನಿಗಳು ಬಂದು, ಭೂಗರ್ಭದ ಕಂದು ಕಲ್ಲಿದ್ದಲಿನ ಮೂಲಕ ಹರಿದ ನೀರು ಬಾವಿಗಳಿಗೆ ಸೇರುವುದೇ ಕಾರಣವೆಂದರು. ಹಿಟ್ಟು, ಗಾಳಿ, ನೀರು, ನೆತ್ತರು ಎಲ್ಲವೂ ವಿಚಾರಣೆಗೆ ಗುರಿಯಾದವು.

ಆದರೆ ಸರಿಯಾದ ಉತ್ತರವನ್ನು ಒಬ್ಬರು ಆಗಲೇ ಹೇಳಿಯಾಗಿತ್ತು. ಸರ್ಬಿಯದ ನೀಶ್ ನಗರದ ವೈದ್ಯ ಮಿಲೆಂಕೊ ಇವಿಚ್ ಅವರು 1969ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರೋಗಪೀಡಿತ ಹಳ್ಳಿಗಳ ಗೋಧಿಯ ಹೊಲಗಳಲ್ಲಿ ಒಂದು ಕಳೆ ಹುಲುಸಾಗಿ ಬೆಳೆಯುತ್ತದೆ. ಅದರ ಬೀಜವು ಕೊಯ್ಲಿನ ಕಾಲದಲ್ಲಿ ಗೋಧಿಯೊಡನೆ ಬೆರೆತು ಗಿರಣಿಗೆ ಹೋಗಿ, ಹಿಟ್ಟಾಗಿ, ರೊಟ್ಟಿಯಾಗಿ ಜನರ ಹೊಟ್ಟೆ ಸೇರುತ್ತದೆ. ರೋಗಕ್ಕೆ ಅದೇ ಕಾರಣ ಎಂಬುದು ಅವರ ವಾದ. ಆ ಬೀಜವನ್ನು ಬೆರೆಸಿದ ಹಿಟ್ಟನ್ನು ಮೊಲಗಳಿಗೆ ತಿನ್ನಿಸಿ, ಅವುಗಳ ಮೂತ್ರಪಿಂಡದಲ್ಲಿ ಅಂಥದೇ ವಿಕಾರವನ್ನು ಅವರು ಕಂಡಿದ್ದರು. ಅದೇ ಕಳೆ ಬೆರೆತ ಮೇವನ್ನು ತಿಂದ ಕುದುರೆಗಳ ಮೂತ್ರಪಿಂಡಗಳು ಕೆಟ್ಟುದನ್ನು ಯುಗೊಸ್ಲಾವಿಯದ ಪಶುವೈದ್ಯರು 1950ರ ದಶಕದಲ್ಲಿಯೇ ದಾಖಲಿಸಿದ್ದರು. ಇಷ್ಟಾದರೂ ಇವಿಚ್ ಅವರ ಮಾತು ತಮ್ಮ ಭಾಷೆಯ ಪತ್ರಿಕೆಯ ಪುಟಗಳನ್ನು ದಾಟಿ ದೂರ ಹೋಗಲಿಲ್ಲ. ಪಶುವೈದ್ಯರ ಬರಹವನ್ನು ಮನುಷ್ಯರ ವೈದ್ಯರು ಓದಲಿಲ್ಲ. ಸರ್ಬೊಕ್ರೊಯೇಷಿಯನ್ ಭಾಷೆಯಲ್ಲಿ ಬಂದುದನ್ನು ಇಂಗ್ಲಿಷಿನವರು ಓದಲಿಲ್ಲ. ಸಣ್ಣ ಭಾಷೆಗಳಲ್ಲಿ ಬರೆದ ಸತ್ಯಕ್ಕೆ ಒದಗುವ ಗತಿ ಇದು. ಕನ್ನಡದಲ್ಲಿ ಬರೆಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಕಳೆಯ ಶಾಸ್ತ್ರೀಯ ನಾಮ ಅರಿಸ್ಟೊಲೋಕಿಯ ಕ್ಲೆಮಟೈಟಿಸ್. ಇಲ್ಲಿ ಹೆಸರಿನ ಕಥೆ ಮತ್ತೊಂದು ತಿರುವನ್ನು ಪಡೆಯುತ್ತದೆ. ಗ್ರೀಕ್ ಭಾಷೆಯಲ್ಲಿ ‘ಅರಿಸ್ಟೊಸ್’ ಎಂದರೆ ಅತ್ಯುತ್ತಮ. ‘ಲೋಕಿಯ’ ಎಂಬುದು ಹೆರಿಗೆಗೆ ಸಂಬಂಧಿಸಿದ ಶಬ್ದ. ಹೆರಿಗೆಗೆ ಅತ್ಯುತ್ತಮವಾದ ಮೂಲಿಕೆ ಎಂಬುದು ಈ ಹೆಸರಿನ ಅರ್ಥ. ಪ್ರಾಚೀನ ಗ್ರೀಕರ ಕಾಲದಿಂದ ಈ ಸಸ್ಯಕುಲವನ್ನು ಹೆರಿಗೆಗೂ, ಹಾವಿನ ವಿಷಕ್ಕೂ, ಗಾಯಗಳಿಗೂ ಮದ್ದೆಂದು ಬಳಸುತ್ತ ಬಂದರು. ಹೂವಿನ ಆಕಾರ ಗರ್ಭದಂತೆ ತೋರುವುದರಿಂದ ಗರ್ಭಕ್ಕೆ ಮದ್ದಾಗಬೇಕು ಎಂಬ ಸಾದೃಶ್ಯದ ತರ್ಕವೂ ಇದರ ಹಿಂದೆ ಕೆಲಸ ಮಾಡಿದೆ. ಗ್ರೀಕ್ ವಿದ್ವಾಂಸರು ಇದನ್ನು ಉತ್ತಮವೆಂದು ಕೊಂಡಾಡಿದರೆ, ಬಾಲ್ಕನ್ ರೈತರು ಇದನ್ನು ‘ತೋಳನ ಸೇಬು’ ಎಂದು ಕರೆಯುವುದುಂಟು. ಎರಡು ಹೆಸರುಗಳಲ್ಲಿ ಯಾವುದು ಸತ್ಯಕ್ಕೆ ಹೆಚ್ಚು ಹತ್ತಿರವಾಗಿತ್ತೆಂಬುದನ್ನು ಕಾಲವೇ ನಿರ್ಣಯಿಸಿತು.

ಈ ಕುಲದ ಗಿಡಗಳಲ್ಲಿರುವ ವಿಷದ ಹೆಸರು ಅರಿಸ್ಟೊಲೋಕಿಕ್ ಆಮ್ಲ. ಜರ್ಮನಿಯಲ್ಲಿ ಅದನ್ನು ಔಷಧಿಗಳಲ್ಲಿ ಬಳಸುತ್ತಿದ್ದರು. ಇಲಿಗಳಿಗೆ ಅದನ್ನು ಕೊಟ್ಟಾಗ ಕ್ಯಾನ್ಸರ್ ಹುಟ್ಟುವುದು ಗೊತ್ತಾಗಿ, 1981ರಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಆ ಔಷಧಿಗಳನ್ನು ಹಿಂತೆಗೆಸಿತು. ಇಷ್ಟು ಹೊತ್ತಿಗೆ ಒಗಟಿನ ಎಲ್ಲ ತುಂಡುಗಳೂ ಲೋಕದಲ್ಲಿ ಇದ್ದವು. ಕುದುರೆಗಳ ಸಾಕ್ಷ್ಯವಿತ್ತು, ಮೊಲಗಳ ಸಾಕ್ಷ್ಯವಿತ್ತು, ಇಲಿಗಳ ಸಾಕ್ಷ್ಯವಿತ್ತು, ಹೊಲದ ಕಳೆ ಕಣ್ಣೆದುರಿಗೇ ಇತ್ತು. ಅವುಗಳನ್ನು ಒಂದೆಡೆ ಇಟ್ಟು ನೋಡುವವರು ಇರಲಿಲ್ಲ. ಅದಕ್ಕೆ ಬೇರೊಂದು ದೇಶದಲ್ಲಿ ಬೇರೊಂದು ಅನಾಹುತವೇ ನಡೆಯಬೇಕಾಯಿತು.

ಅದು ನಡೆದದ್ದು ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್ ನಗರದಲ್ಲಿ. ಅಲ್ಲಿ ಮೈ ಇಳಿಸುವ ಚಿಕಿತ್ಸಾಲಯವೊಂದಿತ್ತು. ಹದಿನೈದು ವರ್ಷ ಯಾವ ತೊಂದರೆಯೂ ಇಲ್ಲದೆ ನಡೆದುಬಂದ ಆ ಚಿಕಿತ್ಸೆಯಲ್ಲಿ 1990ರ ಮೇ ತಿಂಗಳಿಂದ ಎರಡು ಚೀನೀ ಮೂಲಿಕೆಗಳ ಪುಡಿಯನ್ನು ಹೊಸದಾಗಿ ಸೇರಿಸಿದರು. ಅದಾದ ಮೇಲೆ, ಅಲ್ಲಿಗೆ ಹೋಗುತ್ತಿದ್ದ ಆರೋಗ್ಯವಂತ ತರುಣಿಯರ ಮೂತ್ರಪಿಂಡಗಳು ಕೆಡಲಾರಂಭಿಸಿದವು. ಐವತ್ತರ ಒಳಗಿನ ಇಬ್ಬರು ಹೆಂಗಸರು ಒಂದೇ ಬಗೆಯ ರೋಗದಿಂದ ಬಂದುದನ್ನು, ಇಬ್ಬರೂ ಒಂದೇ ಕಡೆ ಮೈ ಇಳಿಸಿಕೊಳ್ಳುತ್ತಿದ್ದುದನ್ನು ಗಮನಿಸಿದ ಝಾನ್-ಲೂಯಿ ವಾನ್‌ಹೆರ್‌ವೆಘೆಮ್ ಮತ್ತು ಅವರ ಸಹೋದ್ಯೋಗಿಗಳು ಹುಡುಕುತ್ತ ಹೋಗಿ ಇನ್ನೂ ಅನೇಕರನ್ನು ಪತ್ತೆ ಮಾಡಿದರು. 1993ರಲ್ಲಿ ಅವರ ವರದಿ ಪ್ರಕಟವಾಯಿತು. ಕಾಲಕ್ರಮದಲ್ಲಿ ಈ ರೋಗಿಗಳ ಸಂಖ್ಯೆ ನೂರನ್ನು ಮೀರಿತು.

ಆಗಿದ್ದುದು ಇಷ್ಟೆ. ಬೇಕಾಗಿದ್ದ ಮೂಲಿಕೆಯ ಚೀನೀ ಹೆಸರು ‘ಹಾನ್ ಫಾಂಗ್‌ಜಿ’. ಪೆಟ್ಟಿಗೆಯಲ್ಲಿ ಬಂದಿದ್ದುದು ‘ಗ್ವಾಂಗ್ ಫಾಂಗ್‌ಜಿ’. ಚೀನೀ ವೈದ್ಯದಲ್ಲಿ ಎರಡಕ್ಕೂ ‘ಫಾಂಗ್‌ಜಿ’ ಎಂಬ ಒಂದೇ ಮನೆತನದ ಹೆಸರು. ಒಣಗಿಸಿ ಕತ್ತರಿಸಿದ ಬೇರು ನೋಡಲು ಒಂದನ್ನೊಂದು ಹೋಲುತ್ತದೆ. ಆದರೆ ಸಸ್ಯಶಾಸ್ತ್ರದಲ್ಲಿ ಅವು ದೂರದ ನೆಂಟರೂ ಅಲ್ಲ. ಎರಡನೆಯದು ಅರಿಸ್ಟೊಲೋಕಿಯ ಕುಲಕ್ಕೆ ಸೇರಿದ ಬಳ್ಳಿ. ಒಂದು ವಿಶೇಷಣ ಬದಲಾದುದಕ್ಕೆ ಅನೇಕ ಜನ ತಮ್ಮ ಮೂತ್ರಪಿಂಡಗಳನ್ನು ಬೆಲೆಯಾಗಿ ತೆತ್ತರು.

ದುರಂತವು ಅಲ್ಲಿಗೇ ಮುಗಿಯಲಿಲ್ಲ. ಮೂತ್ರಪಿಂಡ ಸೋತ ಈ ರೋಗಿಗಳಲ್ಲಿ ಕೆಲವರಿಗೆ ಮೇಲಿನ ಮೂತ್ರಮಾರ್ಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಆದಕಾರಣ ಕೆಲಸಕ್ಕೆ ಬಾರದಾಗಿದ್ದ ಪಿಂಡಗಳನ್ನೂ ನಾಳಗಳನ್ನೂ ಮುನ್ನೆಚ್ಚರಿಕೆಯಾಗಿ ತೆಗೆದುಹಾಕುವಂತೆ ವೈದ್ಯರು ಸಲಹೆ ಮಾಡಿದರು. 39 ಮಂದಿ ಒಪ್ಪಿದರು. ಹಾಗೆ ತೆಗೆದ ಅಂಗಗಳನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಆಗಲೇ ಕ್ಯಾನ್ಸರ್ ಹುಟ್ಟಿತ್ತು. 19 ಮಂದಿಯಲ್ಲಿ ಅದರ ಪೂರ್ವಸೂಚನೆಗಳಿದ್ದವು. ಇಬ್ಬರಲ್ಲಿ ಮಾತ್ರ ಏನೂ ಇರಲಿಲ್ಲ. ಝೋಯೆಲ್ ನೋರ್ತಿಯೆ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಈ ಅಂಕಿಗಳನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಆ ಮೂವತ್ತೊಂಬತ್ತು ಜನರು ಕೇಳಿದ್ದು ಸ್ವಲ್ಪ ಮೈ ಇಳಿಯಲೆಂದು ಮಾತ್ರ.

ಈ ರೋಗಕ್ಕೂ ಒಂದು ಹೆಸರು ಬಂತು: ‘ಚೀನೀ ಮೂಲಿಕೆಗಳ ಮೂತ್ರಪಿಂಡ ರೋಗ’. ಮತ್ತೆ ಒಂದು ದೇಶದ ಹೆಸರು, ಮತ್ತೆ ಒಂದು ತಪ್ಪು ಹೆಸರು. ದೋಷವಿದ್ದದ್ದು ಒಂದು ಸಸ್ಯಕುಲದಲ್ಲಿ. ಹೆಸರು ಕೆಟ್ಟದ್ದು ಒಂದು ಇಡೀ ವೈದ್ಯಪದ್ಧತಿಯದು. ಆದರೆ 1994ರಲ್ಲಿ ಝಾನ್-ಪಿಯೆರ್ ಕೋಸಿನ್ಸ್ ಎಂಬ ಬೆಲ್ಜಿಯಂ ದೇಶದ ರೋಗಶಾಸ್ತ್ರಜ್ಞ, ಬ್ರಸೆಲ್ಸಿನ ಹೆಂಗಸರ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಾಲ್ಕನ್ ರೈತರ ಮೂತ್ರಪಿಂಡಗಳನ್ನು ನೆನಪಿಸಿಕೊಂಡರು. ಎರಡೂ ಒಂದೇ ಅಲ್ಲವೆ? ಒಂದು ಎರಡು ವರ್ಷಗಳಲ್ಲಿ ಕೊಲ್ಲುತ್ತದೆ, ಇನ್ನೊಂದು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಆದರೆ ಆ ವ್ಯತ್ಯಾಸ ಪ್ರಮಾಣದ್ದು. ಒಬ್ಬರು ದಿನವೂ ಪುಡಿಯನ್ನು ಅಳೆದು ನುಂಗಿದರು. ಇನ್ನೊಬ್ಬರು ರೊಟ್ಟಿಯೊಡನೆ ಬೆರಳೆಣಿಕೆಯ ಬೀಜಗಳನ್ನು ವರ್ಷಗಟ್ಟಲೆ ತಿಂದರು. ಇವಿಚ್ ಅವರ ಮರೆತುಹೋದ ಲೇಖನ ಹೀಗೆ ಕಾಲು ಶತಮಾನದ ಮೇಲೆ ಮತ್ತೆ ಬೆಳಕಿಗೆ ಬಂತು.

ಅನುಮಾನ ಬಲವಾಯಿತು, ಪ್ರಮಾಣ ಬೇಕಾಗಿತ್ತು. ಅದನ್ನು ಒದಗಿಸಿದವರು ಅಮೆರಿಕದ ಆರ್ಥರ್ ಗ್ರೋಲ್‌ಮನ್, ಕ್ರೊಯೇಷಿಯದ ಬೋಯನ್ ಯೆಲಾಕೊವಿಚ್ ಮತ್ತು ಅವರ ಸಹೋದ್ಯೋಗಿಗಳು. ಕ್ರೊಯೇಷಿಯದ ಹಳ್ಳಿಗಳಲ್ಲಿ ಹಿರಿಯ ರೈತರನ್ನು ಮಾತನಾಡಿಸಿ, ಹಿಂದೆ ಹೊಲಗಳಲ್ಲಿ ಈ ಕಳೆ ಎಷ್ಟಿತ್ತು, ಸುಗ್ಗಿ ಹೇಗೆ ನಡೆಯುತ್ತಿತ್ತು, ರೊಟ್ಟಿ ಯಾವ ಗೋಧಿಯದು ಎಂದು ವಿಚಾರಿಸಿದರು. ಮನೆಯ ಗೋಧಿಯನ್ನೇ ಬೀಸಿ ಮನೆಯಲ್ಲೇ ರೊಟ್ಟಿ ಸುಟ್ಟು ತಿನ್ನುತ್ತಿದ್ದುದರಿಂದ, ಒಂದು ಹೊಲದ ಕಳೆ ಒಂದು ಕುಟುಂಬದ ರೋಗವಾಗುತ್ತಿತ್ತು. ಎದುರು ಮನೆಗೆ ರೋಗವಿಲ್ಲದ ಒಗಟು ಇಲ್ಲಿ ಬಿಡಿಸಿಕೊಂಡಿತು. ವಂಶದಿಂದ ವಂಶಕ್ಕೆ ಇಳಿದದ್ದು ರಕ್ತವಲ್ಲ, ಹೊಲ.

ಅವರ ನಿರ್ಣಾಯಕ ಸಾಕ್ಷ್ಯವನ್ನು ವಿವರಿಸಲು ನನ್ನ ಶಾಸ್ತ್ರದಿಂದಲೇ ಒಂದು ಉಪಮಾನವನ್ನು ತರುತ್ತೇನೆ. ಹಳೆಯ ಓಲೆಗರಿಗಳನ್ನು ಸಂಪಾದಿಸುವಾಗ ನಾವು ಲಿಪಿಕಾರರ ಸ್ಖಾಲಿತ್ಯಗಳನ್ನು ಗುರುತು ಹಾಕಿಕೊಳ್ಳುತ್ತೇವೆ. ಒಬ್ಬೊಬ್ಬ ಲಿಪಿಕಾರನಿಗೆ ಒಂದೊಂದು ಬಗೆಯ ತಪ್ಪಿನ ಅಭ್ಯಾಸ. ಒಬ್ಬ ಪಕಾರವನ್ನು ವಕಾರವೆಂದು ಓದುತ್ತಾನೆ; ಇನ್ನೊಬ್ಬ ಒತ್ತಕ್ಷರವನ್ನು ಬಿಡುತ್ತಾನೆ. ಬರೆದವನ ಹೆಸರು ಓಲೆಯಲ್ಲಿ ಇಲ್ಲದಿದ್ದರೂ ತಪ್ಪಿನ ಜಾಡಿನಿಂದ ಅವನ ಕೈಯನ್ನು ಗುರುತಿಸಬಹುದು. ಜೀವಕೋಶದೊಳಗಿನ ಡಿ.ಎನ್.ಎ. ಕೂಡ ನಾಲ್ಕು ಅಕ್ಷರಗಳಲ್ಲಿ ಬರೆದ ಒಂದು ದೀರ್ಘವಾದ ಗ್ರಂಥ. ಕೋಶ ಒಡೆದು ಎರಡಾಗುವಾಗಲೆಲ್ಲ ಅದರ ಪ್ರತಿ ತಯಾರಾಗುತ್ತದೆ. ಅರಿಸ್ಟೊಲೋಕಿಕ್ ಆಮ್ಲವು ಈ ಗ್ರಂಥದ ‘ಎ’ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಪ್ರತಿ ಮಾಡುವಾಗ ಆ ಎಡೆಯಲ್ಲಿ ‘ಟಿ’ ಎಂಬ ಅಕ್ಷರ ಬಂದು ಕೂಡುತ್ತದೆ. ಬೇರೆ ಕಾರಣಗಳಿಂದ ಹುಟ್ಟಿದ ಕ್ಯಾನ್ಸರುಗಳಲ್ಲಿ ಈ ತಪ್ಪು ವಿರಳ. ಬಾಲ್ಕನ್ ರೈತರ ಗಂತಿಗಳಲ್ಲಿ, ಕ್ಯಾನ್ಸರನ್ನು ತಡೆಹಿಡಿಯುವ ಪಿ-53 ಎಂಬ ವಂಶವಾಹಿಯಲ್ಲಿ, ಇದೇ ತಪ್ಪು ಮತ್ತೆ ಮತ್ತೆ ಕಂಡಿತು. ಅವರ ಮೂತ್ರಪಿಂಡಗಳಲ್ಲಿ ಆ ಆಮ್ಲವು ಡಿ.ಎನ್.ಎ.ಗೆ ಅಂಟಿಕೊಂಡ ಗುರುತೂ ಉಳಿದಿತ್ತು. ವಿಷ ಸೇವಿಸಿ ದಶಕಗಳು ಕಳೆದರೂ ಅಳಿಯದ ಗುರುತು ಅದು. 2007ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಶೋಪಿಚ್ ಹಳ್ಳಿಯ ವರದಿಯಿಂದ ಎಣಿಸಿದರೆ ಸರಿಯಾಗಿ ಐವತ್ತು ವರ್ಷ.

ಜಾಡು ಸಿಕ್ಕಿದ ಮೇಲೆ ಬೇರೆಡೆಗಳಲ್ಲೂ ಅದೇ ಕೈಬರಹ ಕಾಣತೊಡಗಿತು. ಮೇಲಿನ ಮೂತ್ರಮಾರ್ಗದ ಕ್ಯಾನ್ಸರು ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ನಾಡು ತೈವಾನ್. ಅಲ್ಲಿ 1997ರಿಂದ 2003ರವರೆಗಿನ ವಿಮಾ ದಾಖಲೆಗಳನ್ನು ತೆಗೆದು ನೋಡಿದಾಗ, ಜನಸಂಖ್ಯೆಯ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿಗೆ ಈ ಕುಲದ ಮೂಲಿಕೆಯಿದ್ದ ಮದ್ದನ್ನು ಬರೆದುಕೊಟ್ಟಿದ್ದುದು ತಿಳಿಯಿತು. 2012ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿಯ 151 ರೋಗಿಗಳನ್ನು ಪರೀಕ್ಷಿಸಿ, ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಆಮ್ಲದ ಗುರುತನ್ನು ಕಂಡಿತು. ಮರುವರ್ಷ ಗಂತಿಗಳ ಡಿ.ಎನ್.ಎ.ಯನ್ನು ವ್ಯಾಪಕವಾಗಿ ಓದಿದ ವಿಜ್ಞಾನಿಗಳು, ತಂಬಾಕಿನಿಂದಲೂ ಬಿಸಿಲಿನಿಂದಲೂ ಆಗುವುದಕ್ಕಿಂತ ಹೆಚ್ಚು ತಪ್ಪುಗಳನ್ನು ಈ ಸಸ್ಯವಿಷವು ಉಂಟುಮಾಡುತ್ತದೆಂದು ತೋರಿಸಿದರು. ವಿಶ್ವಸಂಸ್ಥೆಯ ಆಶ್ರಯದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಈ ಕುಲದ ಮೂಲಿಕೆಗಳಿರುವ ಮದ್ದುಗಳನ್ನು 2002ರಲ್ಲಿಯೂ, ಆಮ್ಲವನ್ನೇ 2012ರ ಗ್ರಂಥದಲ್ಲಿಯೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ತೈವಾನ್ 2003ರಲ್ಲಿ ಈ ಮೂಲಿಕೆಗಳನ್ನು ನಿಷೇಧಿಸಿತು. ಚೀನಾ ಅದೇ ಸುಮಾರಿಗೆ ಮುಖ್ಯವಾದ ಕೆಲವನ್ನು ನಿಷೇಧಿಸಿತು. ಬಾಲ್ಕನ್ ಹಳ್ಳಿಗಳಲ್ಲಿ ಧಾನ್ಯವನ್ನು ಶುಚಿಮಾಡುವ ಯಂತ್ರಗಳೂ ಅಂಗಡಿಯ ಹಿಟ್ಟೂ ಬಂದ ಮೇಲೆ ಹೊಸ ರೋಗಿಗಳು ಕಡಿಮೆಯಾಗಿದ್ದಾರೆ. ಇಂದು ಎರಡು ತಪ್ಪು ಹೆಸರುಗಳೂ ಹಿಂದೆ ಸರಿದು, ‘ಅರಿಸ್ಟೊಲೋಕಿಕ್ ಆಮ್ಲದ ಮೂತ್ರಪಿಂಡ ರೋಗ’ ಎಂಬ ಒಂದೇ ಹೆಸರು ರೂಢಿಗೆ ಬಂದಿದೆ. ದೇಶದ ಹೆಸರನ್ನು ಬಿಟ್ಟು ಕಾರಣದ ಹೆಸರನ್ನು ಹಿಡಿದಾಗ ರೋಗ ಅರ್ಥವಾಯಿತು.

ಇದೆಲ್ಲ ಎಲ್ಲಿಯದೋ ಸಂಗತಿ, ನಮಗೇನು ಎಂದು ಕೇಳುಗರಿಗೆ ಅನ್ನಿಸಬಹುದು. ನಮ್ಮ ನಾಡಿನಲ್ಲಿಯೂ ಈ ಕುಲದ ಬಳ್ಳಿಯುಂಟು. ಅದಕ್ಕೆ ನಾವಿಟ್ಟಿರುವ ಹೆಸರು ಈಶ್ವರಬಳ್ಳಿ. ಶಾಸ್ತ್ರೀಯವಾಗಿ ಅರಿಸ್ಟೊಲೋಕಿಯ ಇಂಡಿಕ. ಹಾವು ಕಚ್ಚಿದವರಿಗೆ, ಜ್ವರ ಬಂದವರಿಗೆ, ಮುಟ್ಟು ನಿಂತ ಹೆಂಗಸರಿಗೆ ಇದರ ಬೇರನ್ನು ಅರೆದು ಕೊಡುವುದು ನಾಟಿವೈದ್ಯದಲ್ಲಿ ನಡೆದುಬಂದ ಪದ್ಧತಿ. ಗ್ರೀಕರೂ ಇದೇ ಕುಲವನ್ನು ಹಾವಿಗೆ, ಹೆರಿಗೆಗೆ ಬಳಸಿದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಈ ಬಳ್ಳಿಯಲ್ಲಿಯೂ ಅದೇ ಆಮ್ಲವಿದೆ. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ, ಹಳದಿ ಕಪ್ಪು ರೆಕ್ಕೆಗಳ ದೊಡ್ಡ ಚಿಟ್ಟೆಯ ಹುಳುಗಳು ಈ ಕುಲದ ಎಲೆಗಳನ್ನೇ ತಿಂದು ಬೆಳೆಯುತ್ತವೆ. ಆ ವಿಷವನ್ನು ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಚಿಟ್ಟೆಗೆ ಕವಚವಾದದ್ದು ಮನುಷ್ಯನಿಗೆ ಕಂಟಕ. ದೇವರ ಹೆಸರಿಟ್ಟುಕೊಂಡ ಬಳ್ಳಿಯನ್ನು ಸಂಶಯದಿಂದ ನೋಡುವುದು ಸುಲಭವಲ್ಲ. ಆದರೆ ಹೆಸರಿನ ಪಾವಿತ್ರ್ಯವು ಬೇರಿನ ರಸಾಯನವನ್ನು ಬದಲಿಸಲಾರದು.

ಇನ್ನು ‘ಫಾಂಗ್‌ಜಿ’ಯಂಥ ಗೊಂದಲ ನಮ್ಮಲ್ಲಿಲ್ಲವೆ? ‘ಆಡುಮುಟ್ಟದ ಗಿಡ’ ಎಂಬ ನಮ್ಮ ಹೆಸರನ್ನೇ ತೆಗೆದುಕೊಳ್ಳೋಣ. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯನ್ನು ಹಾಗೆ ಕರೆಯುವವರಿದ್ದಾರೆ. ಬಯಲುಸೀಮೆಯ ಹೊಲಗಳಲ್ಲಿ ನೆಲಕ್ಕೆ ಹಬ್ಬುವ, ಅರಿಸ್ಟೊಲೋಕಿಯ ಕುಲದ ಇನ್ನೊಂದು ಸಸ್ಯವನ್ನೂ ಹಾಗೆಯೇ ಕರೆಯುವವರಿದ್ದಾರೆ. ಆಡು ತನ್ನ ಮೂಗನ್ನು ನಂಬಿ ಎರಡನ್ನೂ ಬಿಡುತ್ತದೆ. ಮನುಷ್ಯ ಹೆಸರನ್ನು ನಂಬಿ ಒಂದರ ಬದಲು ಇನ್ನೊಂದನ್ನು ತಂದಾನು.

ಇದನ್ನು ಹೇಳುವಾಗ ನಮ್ಮ ಮೂಲಿಕಾವೈದ್ಯದ ಮೇಲೆ ಅಪನಂಬಿಕೆಯನ್ನು ಬಿತ್ತುವುದು ನನ್ನ ಇಚ್ಛೆಯಲ್ಲ. ಒಂದು ಕುಲದ ದೋಷವನ್ನು ಎಲ್ಲ ಮೂಲಿಕೆಗಳ ತಲೆಗೆ ಕಟ್ಟುವುದು ‘ಚೀನೀ ಮೂಲಿಕೆಗಳ ರೋಗ’ ಎಂದು ಹೆಸರಿಟ್ಟವರ ತಪ್ಪನ್ನೇ ಮತ್ತೆ ಮಾಡಿದಂತೆ. ಆದರೆ ಪರಂಪರೆಯ ಅನುಭವಕ್ಕೂ ಒಂದು ಮಿತಿಯುಂಟು ಎಂಬುದನ್ನು ಈ ಚರಿತ್ರೆ ತಿಳಿಸುತ್ತದೆ. ಕುಡಿದ ಕೂಡಲೇ ವಾಂತಿ ಮಾಡಿಸುವ ಗಿಡವನ್ನು ಪರಂಪರೆ ಗುರುತಿಸಬಲ್ಲುದು. ಇಪ್ಪತ್ತು ವರ್ಷದ ಮೇಲೆ ಕ್ಯಾನ್ಸರಾಗಿ ಬರುವ ವಿಷವನ್ನು ಗುರುತಿಸುವುದು ಅದರಿಂದ ಆಗದು. ಕೊಟ್ಟ ವೈದ್ಯ, ಕುಡಿದ ರೋಗಿ ಇಬ್ಬರಿಗೂ ಆ ಹೊತ್ತಿಗೆ ಮದ್ದಿನ ನೆನಪೇ ಇರುವುದಿಲ್ಲ. ಎರಡು ಸಾವಿರ ವರ್ಷ ಬಳಸಿದ ಮದ್ದು ನಿರಪಾಯವೆಂಬ ಮಾತಿಗೆ ಇಷ್ಟೇ ಬೆಲೆ.

ಆದ್ದರಿಂದ ವ್ಯವಹಾರಕ್ಕೆ ಒದಗುವ ಎರಡು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮೂತ್ರದಲ್ಲಿ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ವೈದ್ಯರಲ್ಲಿಗೆ ಹೋಗಬೇಕು. ಹೋದಾಗ, ತಾವು ಸೇವಿಸಿದ ಬೇರು, ಸೊಪ್ಪು, ಪುಡಿ, ಲೇಹ್ಯಗಳನ್ನು ಮುಚ್ಚಿಡದೆ ಹೇಳಬೇಕು. ಸಾಧ್ಯವಾದರೆ ಹೆಸರನ್ನಷ್ಟೇ ಹೇಳದೆ ಆ ವಸ್ತುವನ್ನೇ ತೆಗೆದುಕೊಂಡು ಹೋಗಿ ತೋರಿಸಬೇಕು. ಬ್ರಸೆಲ್ಸಿನಲ್ಲಿ ಕೊನೆಗೆ ನಿಜವನ್ನು ಹೇಳಿದ್ದು ಚೀಟಿಯ ಮೇಲಿನ ಹೆಸರಲ್ಲ. ಪೊಟ್ಟಣದಲ್ಲಿ ಉಳಿದಿದ್ದ ಪುಡಿ.